ಮೂರು ಅವಸರಗಳ ಆಟ

ನನ್ನ ಮೇಲೆ ಈವರೆಗೆ ಬಂದ ದೂರುಗಳಲ್ಲಿ ಅತ್ಯಂತ ಶುದ್ಧ ಕನ್ನಡದಲ್ಲಿದ್ದ ದೂರನ್ನು ಟೈಪು ಮಾಡಿದವನು ನಾನೇ. ಹೇಳಿ ಬರೆಸಿದವರು ನನ್ನ ಮಾವ, ಅಂದರೆ ಹೆಂಡತಿಯ ತಂದೆ. ದೂರು ಯಾರ ಮೇಲೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ನಾನು ಬೆವರುತ್ತಿದ್ದುದು ಅದಕ್ಕೇ.

ಇದು 2012ರ ಸುದ್ದಿ. ಕುಂಜತ್ತೂರಿನ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಅಧ್ಯಾಪಕ. ರಾಜ್ಯದ ಗಡಿಯಾಚೆ ಉಳಿದವರಾದ್ದರಿಂದ ನಮ್ಮ ಮಕ್ಕಳ ಪಾಠಗಳು ಮೊದಲು ಮಲಯಾಳದಲ್ಲಿ ಹುಟ್ಟುತ್ತವೆ, ಆಮೇಲೆ ಕನ್ನಡಕ್ಕೆ ಬರುತ್ತವೆ. ಈ ದಾಟಿಸುವ ಕೆಲಸಕ್ಕೆ ನಮ್ಮಂಥ ಹತ್ತು ಹನ್ನೆರಡು ಮಂದಿಯನ್ನು ಕಾಸರಗೋಡಿಗೆ ಕರೆಸಿ, ಒಂದು ಹಾಲಿನಲ್ಲಿ ಕೂರಿಸಿ, ಮೂರು ದಿನದಲ್ಲಿ ಮುಗಿಸಿ ಎನ್ನುತ್ತಾರೆ. ಇದಕ್ಕೆ ಶಿಬಿರ ಎಂದು ಹೆಸರು. ಆ ವರ್ಷ ಕಂಪ್ಯೂಟರ್ ಕಲಿಯುವ ಮಕ್ಕಳಿಗೆಂದು ಒಂದು ಚಿಕ್ಕ ಓದುಪುಸ್ತಕ ಬಂದಿತ್ತು. ಅದರಲ್ಲಿದ್ದ ‘ಹಳೆಯ ವಿಡಿಯೋ ಗೇಮುಗಳು ಹುಟ್ಟಿದ ಕಥೆ’ ಎಂಬ ಲೇಖನ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ನಾನು ನಿಪುಣನೆಂದು ಸುತ್ತಲ ಶಾಲೆಗಳಲ್ಲಿ ಒಂದು ನಂಬಿಕೆಯಿತ್ತು. ನಮ್ಮ ಶಾಲೆಯ ಕೆಟ್ಟುನಿಂತ ಪ್ರಿಂಟರಿನಿಂದ ನಾನೊಮ್ಮೆ ಜಿರಳೆಯೊಂದನ್ನು ಹೊರಗೆಳೆದದ್ದು, ಪ್ರಿಂಟರ್ ಮತ್ತೆ ಓಡಿದ್ದು, ಇಷ್ಟೇ ಅದಕ್ಕೆ ಆಧಾರ.

ನನಗೆ ಕೆಲಸ ಸಿಕ್ಕಿದರೂ ಚಿಂತೆ, ಸಿಗದಿದ್ದರೂ ಚಿಂತೆ. ಶಿಬಿರದ ಮೊದಲ ದಿನವೇ ತಪ್ಪುಗಳ ಬಗ್ಗೆ ಎಷ್ಟು ಹೆದರಿದ್ದೆನೆಂದರೆ, ಎರಡು ಭಾಷೆಗಳಲ್ಲೂ ಒಂದೇ ರೂಪವಿದ್ದು ಅರ್ಥ ಮಾತ್ರ ಬೇರೆಯಾಗಿರುವ ಪದಗಳ ಪಟ್ಟಿಯೊಂದನ್ನು ಮಾಡಿ ಗೋಡೆಗೆ ಅಂಟಿಸಿದೆ. ಮಲಯಾಳದ ಸಂಸಾರ ಎಂದರೆ ಮಾತು, ನಮ್ಮ ಸಂಸಾರ ಎಂದರೆ ಹೆಂಡತಿ ಮಕ್ಕಳು. ಅವರ ಉಪನ್ಯಾಸ ಪ್ರಬಂಧ, ಅದನ್ನು ಬರೆಯುತ್ತಾರೆ, ನಮ್ಮದನ್ನು ಕೊರೆಯುತ್ತಾರೆ. ಅವರ ಅವಸರ ಎಂದರೆ ನಮ್ಮ ಅವಕಾಶ, ಅವರ ಅವಕಾಶ ಎಂದರೆ ನಮ್ಮ ಹಕ್ಕು. ಪಟ್ಟಿಯನ್ನು ತೋರಿಸುತ್ತ ಹದಿನೈದು ನಿಮಿಷ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಒಬ್ಬರು ಫೋಟೊ ಸಹ ತೆಗೆದುಕೊಂಡರು.

ಲೇಖನ ಮಾತ್ರ ಸೊಗಸಾಗಿತ್ತು. ಆವರೆಗೆ ವಿಡಿಯೋ ಗೇಮ್ ಎಂದರೆ ಗಲ್ಫಿನಿಂದ ಬಂದ ಯಾರದೋ ಮಾಮ ತಂದುಕೊಟ್ಟ, ಮಕ್ಕಳ ಮಾರ್ಕು ತಿನ್ನುವ ಡಬ್ಬಿ ಎಂದೇ ನಾನು ತಿಳಿದಿದ್ದೆ. ಅದರ ಹಿಂದೆ ತಲೆ ಕೆರೆದುಕೊಳ್ಳುತ್ತ ಕುಳಿತ ಮನುಷ್ಯರಿದ್ದಾರೆಂದು ಹೊಳೆದಿರಲಿಲ್ಲ. ಮೇಲಿನಿಂದ ಇಟ್ಟಿಗೆ ಬೀಳುವ ಆಟವನ್ನು ಮಾಡಿದವನ ಬಳಿ ಚಿತ್ರ ಬಿಡಿಸಬಲ್ಲ ಯಂತ್ರವೇ ಇರಲಿಲ್ಲವಂತೆ. ವ್ಯಾಕರಣದಲ್ಲಿ ನಾವು ಬಳಸುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದನಂತೆ. ಟೊಪ್ಪಿ ಹಾಕಿ ಹಾರುವ ಮೀಸೆಯ ಆಸಾಮಿಗೆ ಮೀಸೆ ಬಂದದ್ದು ಗಂಡಸ್ತನಕ್ಕಲ್ಲ, ಅಷ್ಟು ಸಣ್ಣ ಮುಖದಲ್ಲಿ ಬಾಯಿ ಬಿಡಿಸಲು ಜಾಗ ಸಾಲದ್ದಕ್ಕೆ. ಟೊಪ್ಪಿ ಬಂದದ್ದು ಕೂದಲು ಬಿಡಿಸುವ ಕಷ್ಟ ತಪ್ಪಿಸಲಿಕ್ಕೆ. ಅವನ ಲೋಕದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಇಷ್ಟು ಜಿಪುಣತನವನ್ನು ನಾನು ನೋಡಿದ್ದು ನಮ್ಮ ಶಾಲೆಯ ವಾರ್ಷಿಕೋತ್ಸವದ ರಂಗಸಜ್ಜಿಕೆಯಲ್ಲಿ ಮಾತ್ರ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಸಾಲುಸಾಲಾಗಿ ಕೆಳಗಿಳಿದು ಬರುವ ಅನ್ಯಗ್ರಹದ ಪ್ರಾಣಿಗಳನ್ನು ಗುಂಡಿಟ್ಟು ಉರುಳಿಸುವ ಆಟ. ಮೊದಲಿಗೆ ಪ್ರಾಣಿಗಳು ಬಹಳ, ಅಷ್ಟನ್ನೂ ಒಟ್ಟಿಗೆ ಎಳೆಯಲಾರದೆ ಯಂತ್ರ ತೆವಳುತ್ತದೆ. ಒಂದೊಂದೇ ಸತ್ತ ಹಾಗೆ ಯಂತ್ರದ ಹೊರೆ ಇಳಿದು, ಉಳಿದವು ಜೋರಾಗಿ ಓಡತೊಡಗುತ್ತವೆ. ಆಟ ಮಾಡಿದವನು ಹೀಗಾಗಲೆಂದು ಬಯಸಿರಲಿಲ್ಲ. ಆದರೆ ಆಡಿ ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗೇ ಬಿಟ್ಟ. ತಪ್ಪೊಂದು ಹೀಗೆ ಗೌರವದಿಂದ ಬಾಳಿದ ಕಥೆಯನ್ನು ನಾನು ಮೊದಲ ಸಲ ಓದಿದ್ದು.

ಈ ಆಟದ ನಿಯಮಗಳನ್ನು ಅನುವಾದಿಸುವಾಗ ಹೊತ್ತು ಹನ್ನೆರಡೂಮುಕ್ಕಾಲು. ಶಿಬಿರದ ಊಟದಲ್ಲಿ ಬೂತಾಯಿ ಮೀನಿನ ಫ್ರೈ ಇರುತ್ತಿತ್ತು. ತಡವಾಗಿ ಹೋದವರಿಗೆ ಫ್ರೈಯ ಪರಿಮಳ ಮಾತ್ರ. ಪಕ್ಕದ ಮೇಜಿನವರು ಎದ್ದರು. ನನ್ನ ಕಣ್ಣು ಬಾಗಿಲ ಕಡೆಗೆ, ಕೈ ಕಾಗದದ ಮೇಲೆ. ಮೂಲದಲ್ಲಿದ್ದ ‘ಮೂನ್ನು ಅವಸರಂ’ ಎಂಬುದನ್ನು ‘ಮೂರು ಅವಸರ’ ಎಂದು ಬರೆದು ಓಡಿದೆ. ಪಟ್ಟಿ ಎದುರಿನ ಗೋಡೆಯಲ್ಲೇ ಇತ್ತು. ಕೈಬರಹ ನನ್ನದೇ. ಫ್ರೈ ಎರಡು ಸಿಕ್ಕಿತು.

ಜೂನಿನಲ್ಲಿ ಪುಸ್ತಕ ಬಂತು. ಅನುವಾದಕರ ಹೆಸರು ಹಾಕಿರಲಿಲ್ಲ. ಹಾಕಬಾರದೇ ಎಂದು ಮೊದಲು ಬೇಸರವಾಯಿತು, ಹನ್ನೆರಡನೆಯ ಪುಟ ತೆರೆದ ಮೇಲೆ ದೇವರು ದೊಡ್ಡವನು ಅನ್ನಿಸಿತು. ‘ಆಟಗಾರನಿಗೆ ಮೂರು ಅವಸರಗಳಿರುತ್ತವೆ. ಮೂರು ಅವಸರಗಳೂ ಮುಗಿದರೆ ಆಟಗಾರನು ಸಾಯುತ್ತಾನೆ.’

ಈಗ ಮಾವನ ವಿಷಯ. ಮಂಜೇಶ್ವರದಲ್ಲಿ ಮನೆ, ನಿವೃತ್ತ ಕನ್ನಡ ಪಂಡಿತರು. ಮನೆಯ ಮಾತು ತುಳು, ನನ್ನೆದುರು ಹೆಚ್ಚಾಗಿ ಕನ್ನಡ. ಮಾವ ತುಳುವಿನಲ್ಲಿ ಬೈದರೆ ಅದು ಪ್ರೀತಿ, ಕನ್ನಡದಲ್ಲಿ ಬೈದರೆ ಅದು ತೀರ್ಮಾನ. ಪ್ರತಿ ಜೂನಿನಲ್ಲಿ ಹೊಸ ಕನ್ನಡ ಪಠ್ಯಗಳನ್ನೆಲ್ಲ ತರಿಸಿ, ಅವುಗಳೊಳಗೆ ನುಸುಳಿದ ಮಲಯಾಳವನ್ನು ಕೆಂಪು ಪೆನ್ಸಿಲಿನಿಂದ ಹೆಕ್ಕಿ, ಪತ್ರಿಕೆಗೆ ಒಂದು ಪತ್ರ ಬರೆಯುವುದು ಅವರ ಪದ್ಧತಿ. ಅಚ್ಚಾದ ದಿನ ರೈಲು ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಕುಳಿತು ಒಂದು ಚಹಾಕ್ಕೆ ಒಂದು ಗಂಟೆ ತೆಗೆದುಕೊಂಡು ಜನರ ಅಭಿಪ್ರಾಯ ಕೇಳುತ್ತಿದ್ದರು. ಆ ಊರಿನಲ್ಲಿ ಅವರಿಗಿದ್ದ ಆಸ್ತಿ ಅದೇ, ಅವರ ಕನ್ನಡದಲ್ಲಿ ತಪ್ಪಿರುವುದಿಲ್ಲ ಎಂಬ ಮಾತು.

ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರಬೇಕೆಂದು ಕರೆ ಬಂತು. ಹೆಂಡತಿಯೂ ನಾನೂ ಹೋದೆವು. ಮೇಜಿನ ಮೇಲೆ ನನ್ನ ಪುಸ್ತಕ ಬಿಚ್ಚಿಕೊಂಡಿತ್ತು.

“ಇದರ ಹೆಸರೇ ನೋಡಿ, ಮಲಯಾಳದವರ ಹಾಗೆ ಕೈಪುಸ್ತಕ! ಕೈಪಿಡಿ ಅಂತ ಬರೆದ್ರೆ ಕೈ ಬಿದ್ದುಹೋಗ್ತದಾ? ಹಾಗಾದ್ರೆ ಕಾಲುಪುಸ್ತಕವೂ ಉಂಟಾ ಇವರಲ್ಲಿ?” ಎಂದರು ಮಾವ. “ಅದಿರಲಿ, ಹನ್ನೆರಡನೇ ಪುಟ ಓದಿ.”

ಓದಿದೆ. ನನ್ನ ಸ್ವರ ಯಾವುದೋ ದೂರದ ಊರಿನಿಂದ ಬಂದ ಹಾಗಿತ್ತು.

“ಯಾವ ಮೂರು ಅವಸರ ಮಾರಾಯ್ರೆ? ಬಸ್ಸಿಂದೊಂದು, ಊಟದ್ದೊಂದು. ಮೂರನೆಯದ್ದು ಕಕ್ಕಸಿಂದಾ? ಅದೂ ಮುಗಿದ ಮೇಲೆ ಸಾಯುದಂತೆ! ಇದು ಆಟವಾ, ವೇದಾಂತವಾ?”

ಊಟದ ಅವಸರವನ್ನು ಅವರು ಅಷ್ಟು ಸರಿಯಾಗಿ ಹೇಗೆ ಊಹಿಸಿದರೆಂದು ನನಗೆ ಗಾಬರಿಯಾಯಿತು. ಬಾಗಿಲ ಬಳಿ ನಿಂತ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

“ಬರೀರಿ,” ಎಂದು ಮಾವ ಶುರುಮಾಡಿದರು. “ಈ ಅನುವಾದಕ ಮಹಾಶಯನಿಗೆ ಕನ್ನಡವೂ ಬಾರದು, ಮಲಯಾಳವೂ ಬಾರದು. ಹಾಕಿದಿರಾ? ಇಂಥವನ ಕೈಯಲ್ಲಿ ನಮ್ಮ ಮಕ್ಕಳನ್ನು ಕೊಟ್ಟವರು ಯಾರು ಎಂದು ಕೇಳಬೇಕಾಗಿದೆ.”

“ಮಗಳನ್ನು ಕೊಟ್ಟವರು ಯಾರು ಅಂತ ಸಹ ಕೇಳಿ ಅಪ್ಪ,” ಎಂದಳು ಹೆಂಡತಿ.

“ಎಂತ?”

“ಎಂತ ಇಲ್ಲ. ಇವರ ಬೆವರು ಕೀಬೋರ್ಡಿಗೆ ಬೀಳ್ತಾ ಉಂಟು, ಅಷ್ಟೆ.”

ಒಂದೂವರೆ ಪುಟವಾಯಿತು. ಎರಡು ಕಡೆ ವಾಕ್ಯ ತೊಡಕಾಗಿತ್ತು, ನಾನೇ ಸರಿಪಡಿಸಿಕೊಟ್ಟೆ. ನನ್ನನ್ನು ಬೈಯುವ ವಾಕ್ಯ ನನ್ನಿಂದಾಗಿ ಇನ್ನಷ್ಟು ಹರಿತವಾಯಿತು. ಕೊನೆಗೆ ಮಾವ, “ನಿಮ್ಮ ಸಹಿಯೂ ಇರಲಿ, ಕೆಲಸದಲ್ಲಿರುವ ಮಾಷ್ಟ್ರು ಹೇಳಿದ್ರೆ ತೂಕ ಉಂಟು,” ಎಂದರು. ನಾನು ಅಧ್ಯಾಪಕರ ನಡತೆಯ ನಿಯಮ, ಮೇಲಧಿಕಾರಿಗಳ ಕೋಪ, ಪಿಂಚಣಿ ಎಂದು ಏನೇನೋ ತೊದಲಿದೆ. “ಹೆದರುಪುಕ್ಕ,” ಎಂದು ತುಳುವಿಗೆ ಇಳಿಯದೆ ಕನ್ನಡದಲ್ಲೇ ಹೇಳಿದರು. ಪತ್ರ ಅವರೊಬ್ಬರ ಹೆಸರಿನಲ್ಲೇ ಇ-ಮೇಲಿನಲ್ಲಿ ಹೋಯಿತು.

ಆ ವಾರ ಅಚ್ಚೂ ಆಯಿತು. ಅಂದು ಸಂಜೆ ಅತ್ತೆಯ ಫೋನು. “ಇವರು ಹೋಟೆಲಿಂದ ಅರ್ಧ ಚಹಾ ಬಿಟ್ಟು ಬಂದಿದ್ದಾರೆ. ಕೇಳಿದ್ರೆ ಪೇಪರ್ ತೋರಿಸ್ತಾರೆ. ನೀವೇ ಪೇಪರ್ ನೋಡಿ.”

ನೋಡಿದೆ. ‘ಆಟಗಾರನಿಗೆ ಮೂರು ಅವಕಾಶಗಳಿರುತ್ತವೆ ಎಂದು ಅಚ್ಚಾಗಿದೆ. ಇದು ಯಾವ ಊರಿನ ಕನ್ನಡ? ಇಲ್ಲಿ ಅವಕಾಶ ಎಂದಿರಬೇಕೆಂಬ ಸಾಮಾನ್ಯ ಜ್ಞಾನವೂ ಅನುವಾದಕನಿಗಿಲ್ಲ.’

ಪತ್ರಿಕೆಯವರು ಕೆಡಿಸಿದರೆಂದು ಖುಷಿಯಿಂದಲೇ ಕೋಪಿಸಿಕೊಂಡು, ಕಳಿಸಿದ ಇ-ಮೇಲನ್ನು ತೆರೆದೆ. ಅಲ್ಲೂ ಹಾಗೇ ಇತ್ತು. ಪುಸ್ತಕ ಬಂದಂದಿನಿಂದ ಆ ತಪ್ಪನ್ನು ಮನಸ್ಸಿನಲ್ಲೇ ದಿನಕ್ಕೆ ಹತ್ತು ಸಲ ತಿದ್ದಿ ತಿದ್ದಿ ಅಭ್ಯಾಸವಾದ ನನ್ನ ಕೈ, ಮಾವ ‘ಅವಸರ’ ಎಂದು ಹೇಳುತ್ತಿದ್ದರೂ ಸರಿಯಾದ ಪದವನ್ನೇ ಹೊಡೆದಿತ್ತು. ಸರಿ ಬೇಕಾದಾಗ ತಪ್ಪು ಬರೆದ ಕೈ, ತಪ್ಪೇ ಬೇಕಾದಾಗ ಸರಿ ಬರೆಯಿತು. ಕಳಿಸುವ ಮುಂಚೆ ಎರಡು ಸಲ ಓದಿ ನೋಡಿದ್ದೆ ಬೇರೆ.

ಹೋಟೆಲಿನಲ್ಲಿ ಏನಾಯಿತೆಂದು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಅವರು ಅಲ್ಲೇ ಇದ್ದರಂತೆ. “ನಿಮ್ಮ ಮಾವನಿಗೆ ಒಬ್ಬ ಕೇಳಿದ, ‘ಪಂಡಿತ್ರೇ, ಅವಕಾಶವನ್ನು ತಿದ್ದಿ ಅವಕಾಶ ಮಾಡುದಾ? ನೀರಿಗೆ ನೀರು ಹಾಕಿ ತೊಳೆದ ಹಾಗೆ?’ ಎಲ್ಲರೂ ನೆಗಾಡಿದ್ರು. ಪಾಪ, ಅವರು ಪೇಪರನ್ನು ತಿರುಗಿಸಿ ತಿರುಗಿಸಿ ನೋಡ್ತಾ ಇದ್ರು.”

ಅದರ ಮರುದಿನ ಹೆಂಡತಿ ತವರಿಗೆ ಹೋಗಿ ಬಂದಳು. ಈ ಸಲ ಅವಳ ಮುಖದಲ್ಲಿ ನಗೆಯಿರಲಿಲ್ಲ.

“ಅಪ್ಪ ಪೆನ್ಸಿಲು, ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾರೆ. ತಾನೇ ತಪ್ಪು ಹೇಳಿ ಬರೆಸಿದ್ದು ಅಂತ ಅವರ ಲೆಕ್ಕ. ಅಮ್ಮನ ಹತ್ರ ‘ನನ್ನ ಮಂಡೆ ಹೋಗ್ಲಿಕ್ಕೆ ಶುರುವಾಗಿದೆ, ಬಾಯಿಗೆ ಬೇರೆ ಪದ ಬರ್ತದೆ’ ಅಂದಿದ್ದಾರೆ. ದೊಡ್ಡಪ್ಪನಿಗೆ ಕೊನೆಗೆ ಹೀಗೆಯೇ ಆದದ್ದಲ್ವಾ? ಅದನ್ನೇ ನೆನೆಸ್ತಾ ಕೂತಿದ್ದಾರೆ. ನೀವು ಹೇಳ್ತೀರಾ, ನಾನು ಹೇಳ್ಬೇಕಾ?”

ನಾನು ಹುಟ್ಟಾ ಹೆದರುವವನು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಹಿಂದೆ ಬಂದವನು. ಆದರೆ ಹೆದರಿಕೆಗಳಲ್ಲೂ ದೊಡ್ಡದು ಚಿಕ್ಕದು ಎಂಬುದಿದೆಯೆಂದು ಆವತ್ತು ತಿಳಿಯಿತು. ತಮ್ಮ ತಲೆಗೇ ಹೆದರುತ್ತಿರುವ ಮುದುಕರೊಬ್ಬರ ಎದುರಿಗೆ ನನ್ನದು ಚಿಲ್ಲರೆ. ಮಂಜೇಶ್ವರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿದೆ, ಅದರಲ್ಲಿ ಆ ಅನ್ಯಗ್ರಹದ ಪ್ರಾಣಿಗಳ ಕಥೆಯನ್ನು ಜಾಣತನದಿಂದ ಸೇರಿಸಿದೆ.

ಮಾವ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರು. ಕೈಯಲ್ಲಿ ಪೇಪರ್ ಇರಲಿಲ್ಲ. ಪೇಪರ್ ಇಲ್ಲದ ಅವರ ಕೈಗಳನ್ನು ನಾನು ಅದೇ ಮೊದಲು ನೋಡಿದ್ದು.

“ಮಾವ, ನೀವು ಸರಿಯಾಗಿಯೇ ಹೇಳಿದ್ದು. ಟೈಪು ಮಾಡುವಾಗ ತಪ್ಪಿದ್ದು ನಾನು.”

“ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಬಂದದ್ದಾ? ನಿಮ್ಮ ಟೈಪಿನಲ್ಲಿ ತಪ್ಪು ಬರುದಿಲ್ಲ ಅಂತ ನನಗೆ ಗೊತ್ತುಂಟು.”

ಜೀವನದಲ್ಲಿ ಒಮ್ಮೆ ಅವರು ನನ್ನನ್ನು ಹೊಗಳಿದರು, ಅದೂ ಇಂಥ ಹೊತ್ತಿನಲ್ಲಿ. ಬೇರೆ ದಾರಿಯಿರಲಿಲ್ಲ.

“ಬಂತು ಮಾವ. ಯಾಕಂದ್ರೆ ಆ ಪುಸ್ತಕದ ಅನುವಾದವೇ ನನ್ನದು. ಅವಸರ ಅಂತ ಬರೆದವನೂ ನಾನೇ, ಅದನ್ನು ಅವಕಾಶ ಮಾಡಿದವನೂ ನಾನೇ.”

ಅವರು ಬಾಯಿ ತೆರೆಯುವ ಮುಂಚೆಯೇ ನಾನು ಭಾಷಣ ಬಿಚ್ಚಿದೆ. ಆಟ ಮಾಡಿದವನು, ಯಂತ್ರದ ಹೊರೆ, ಪ್ರಾಣಿಗಳು ಕಡಿಮೆಯಾದಷ್ಟೂ ಹೆಚ್ಚುವ ವೇಗ, ಅವನು ತಪ್ಪನ್ನು ಹಾಗೇ ಬಿಟ್ಟದ್ದು, ಅದರಿಂದಲೇ ಆಟಕ್ಕೆ ರುಚಿ ಬಂದದ್ದು. “ಒಂದು ಲೆಕ್ಕದಲ್ಲಿ ನೋಡಿದ್ರೆ ಆ ಆಟದಲ್ಲಿ ನಿಜವಾಗಿಯೂ ಅವಸರವೇ ಇರುದು ಮಾವ...”

“ಅವ ಮಾಡಿದ್ದು ಆಟ,” ಎಂದರು ಮಾವ. “ನೀವು ಮಾಡಿದ್ದು ಪಾಠ.”

ಆದರೆ ಅವರ ಮುಖ ಕೋಪದ ಮುಖವಾಗಿರಲಿಲ್ಲ. ಅವರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. “ಹಾಗಾದ್ರೆ ನಾನು ಅವಸರ ಅಂತಲೇ ಹೇಳಿದ್ದಾ? ಖಂಡಿತವಾ?”

“ಎರಡು ಸಲ ಹೇಳಿದ್ರಿ. ಸ್ಪಷ್ಟವಾಗಿ.”

“ಕೇಳಿತಾ?” ಎಂದು ಒಳಗೆ ಅತ್ತೆಗೆ ಕೂಗಿದರು. “ನನ್ನ ಮಂಡೆ ಸಮ ಉಂಟಂತೆ! ಹೋದದ್ದು ಅಳಿಯಂದು!” ಆ ಒಂದು ವಾಕ್ಯವನ್ನು ಅವರು ತುಳುವಿನಲ್ಲಿ ಕೂಗಿದ್ದರು. ಒಳಗಿನಿಂದ ಅತ್ತೆ, ಊಟಕ್ಕೆ ಇಬ್ಬರಾ ಒಬ್ಬರಾ ಎಂದು ಕೇಳಿದರು. ಇಬ್ಬರು ಎಂದರು ಮಾವ.

ಊಟಕ್ಕೆ ಮುಂಚೆ ಒಂದು ಕೆಲಸವಿತ್ತು. ಪತ್ರಿಕೆಗೆ ತಿದ್ದುಪಡಿ ಪತ್ರ, ನನ್ನ ಹೆಸರು, ನನ್ನ ಶಾಲೆಯ ಹೆಸರು, ನನ್ನ ಸಹಿ. ಈ ಸಲ ನಿಯಮ, ಪಿಂಚಣಿ ಯಾವುದೂ ನೆನಪಾಗಲಿಲ್ಲ. ಕೈಯಲ್ಲೇ ಬರೆದೆ, ಕೀಬೋರ್ಡಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಪುಸ್ತಕದ ತಪ್ಪು ನನ್ನದು, ಪತ್ರದ ತಪ್ಪೂ ನನ್ನದು, ಪಂಡಿತರು ಹೇಳಿದ್ದು ಅಕ್ಷರಶಃ ಸರಿ ಎಂದು ನಾಲ್ಕು ಸಾಲು. ಅದು ಅಚ್ಚಾದ ಮೇಲೆ ಶಾಲೆಯಲ್ಲಿ ತಿಂಗಳುಗಟ್ಟಲೆ ನನಗೆ ಅವಸರ ಮಾಷ್ಟ್ರು ಎಂದು ಹೆಸರಾಯಿತು. ಮಾವ ಹೋಟೆಲಿನಲ್ಲಿ ಚಹಾಕ್ಕೆ ಎರಡು ಗಂಟೆ ತೆಗೆದುಕೊಂಡರಂತೆ.

ಆದರೆ ಅದೆಲ್ಲ ಆಮೇಲಿನ ಮಾತು. ಆವತ್ತು ಮಾವ ನನ್ನ ನಾಲ್ಕು ಸಾಲಿನಲ್ಲಿ ಮೂರು ತಿದ್ದುಪಡಿ ಮಾಡಿ, ಕಾಗದ ಮಡಚಿ, ಅಟ್ಟದಿಂದ ಕಟ್ಟು ಇಳಿಸಲು ನನಗೇ ಹೇಳಿದರು. ಇಳಿಸಿ ಧೂಳು ಕೊಡವಿದೆ. ಪುಸ್ತಕವನ್ನು ನನ್ನೆದುರು ಸರಿಸಿ ಕೇಳಿದರು.

“ನಿಜ ಹೇಳಿ. ಇದರಲ್ಲಿ ನಿಮಗೆ ಮಾತ್ರ ಗೊತ್ತಿರುವ ತಪ್ಪು ಇನ್ನು ಎಷ್ಟು ಉಂಟು?”

ಸುಳ್ಳು ಹೇಳಬಹುದಿತ್ತು. ಅವರ ಕಣ್ಣಿಗೆ ಅವು ಬಿದ್ದಿರಲಿಲ್ಲ. ಬೀಳುವ ಸಂಭವವೂ ಇರಲಿಲ್ಲ.

“ಇನ್ನೆರಡು ಉಂಟು ಮಾವ,” ಎಂದೆ. “ಹದಿನಾಲ್ಕನೇ ಪುಟ ತೆಗೀರಿ.”