ಗೆಳತಿಯ ದ್ವೀಪಕ್ಕೆ ನಾನು ಕಾವಲಿದ್ದದ್ದು

ನಲವತ್ತೇಳು ವರ್ಷದ ಹೆಂಗಸೊಬ್ಬಳು ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು ಆಟ ಹುಡುಕುವುದನ್ನು ಕಂಡರೆ ಜನ ಏನೆಂದಾರು ಎಂಬ ನಾಚಿಕೆ ನನಗೆ ಮೊದಮೊದಲು ಬಹಳವಿತ್ತು. ಯಾರಾದರೂ ಹತ್ತಿರ ಸುಳಿದರೆ ಸಾಕು, ಪರದೆಯ ಮೇಲೆ ಯಾವುದಾದರೂ ಕಡತವನ್ನು ಎಳೆದು ಮುಚ್ಚಿಬಿಡುತ್ತಿದ್ದೆ. ಈಗ ಅದನ್ನು ನೆನೆದರೆ ನಗು ಬರುತ್ತದೆ. ನಿಜವಾಗಿ ನಾಚಿಕೆಪಡಬೇಕಾದದ್ದು ಆಮೇಲೆ ನಡೆಯಿತು, ಅದನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮ ಕಚೇರಿ ಕಾರವಾರದಲ್ಲಿ, ನನ್ನ ಮನೆ ಅಂಕೋಲೆಯ ಬೊಬ್ರುವಾಡದಲ್ಲಿ. ಕಚೇರಿಯ ಕಂಪ್ಯೂಟರಿಗೆ ಹೊಸದೇನನ್ನೂ ಇಳಿಸಿಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಬ್ರೌಸರಿನಲ್ಲೇ ತೆರೆದುಕೊಳ್ಳುವ ಆಟಗಳೇ ನಮಗೆ ಗತಿ. ಅದರಲ್ಲೂ ಒಬ್ಬಳೇ ಆಡುವ ಆಟ ನನಗೆ ಸೇರುವುದಿಲ್ಲ. ಯಂತ್ರವನ್ನು ಸೋಲಿಸಿದರೆ ಏನು ಸುಖ? ಎದುರಿಗೆ ಒಂದು ಜೀವ ಇರಬೇಕು, ಸೋತಾಗ ಅದಕ್ಕೆ ಉರಿಯಬೇಕು. ಚಿಕ್ಕವಳಿದ್ದಾಗ ಚೆನ್ನೆಮಣೆಯಲ್ಲಿ ಸೋತು ಕಾಯಿಗಳನ್ನೆಲ್ಲ ಅಂಗಳಕ್ಕೆ ಎಸೆದ ಹುಡುಗಿ ನಾನು. ಆ ಗುಣ ಬಿಟ್ಟಿಲ್ಲ.

ಹುಡುಕುತ್ತ ಹೋದರೆ ಇಂಥ ಆಟಗಳಿಗೆ ಲೆಕ್ಕವೇ ಇಲ್ಲ, ಆದರೆ ಹತ್ತು ನಿಮಿಷ ದಾಟಿ ರುಚಿಸುವುದು ಒಂದೂ ಇಲ್ಲ. ಹುಳವಾಗಿ ಇನ್ನೊಂದು ಹುಳವನ್ನು ನುಂಗುವುದು, ಟ್ಯಾಂಕಾಗಿ ಗುಂಡು ಹಾರಿಸುವುದು, ಒಬ್ಬರು ಬಿಡಿಸಿದ ಚಿತ್ರ ಏನೆಂದು ಉಳಿದವರು ಊಹಿಸುವುದು. ಚಿತ್ರದ ಆಟ ವಾಸಿಯಿತ್ತು. ಆದರೆ ಅಲ್ಲಿ ಸಿಕ್ಕವರು ಎರಡು ನಿಮಿಷದಲ್ಲಿ ಎದ್ದು ಹೋಗುತ್ತಿದ್ದರು, ಹೋದರೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಉಪ್ಪು ಹುಳಿ ಖಾರ ಒಂದೂ ಇಲ್ಲದ ಸಾರಿನಂತೆ ಆಗುತ್ತಿತ್ತು. ನಾನು ಬೈದುಕೊಳ್ಳುವುದನ್ನು ಕೇಳಿ ಕೇಳಿ ಎದುರು ಮೇಜಿನ ಗೆಳತಿ ತಾನೂ ಹುಡುಕತೊಡಗಿದಳು.

ಆಕೆ ಕೇಣಿಯವಳು, ಮೀನುಗಾರರ ಮನೆಯ ಮಗಳು, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಬೆಳಿಗ್ಗೆ ಅಂಕೋಲೆಯಿಂದ ಒಂದೇ ಬಸ್ಸಿನಲ್ಲಿ ಹೋಗಿ ಸಂಜೆ ಒಂದೇ ಬಸ್ಸಿನಲ್ಲಿ ಬರುವ ನಾವು, ವರ್ಷದಲ್ಲಿ ನಮ್ಮ ನಮ್ಮ ಮನೆಯವರ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆ ಸೀಟಿನಲ್ಲಿ ಆಡಿದ್ದೇವೆ. ಅವಳ ಅಪ್ಪ, ಊರವರೆಲ್ಲ ಸೇರಿ ದಂಡೆಯಿಂದ ಎಳೆಯುವ ರಂಪಣಿ ಬಲೆಯ ಮುಂದಾಳಾಗಿದ್ದವರು. ಎರಡು ವರ್ಷದ ಹಿಂದೆ ಲಕವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು, ಅದೇ ಕಷ್ಟ ಎಂದು ಅವಳು ಹೇಳುತ್ತಿದ್ದಳು. ಇಡೀ ದಿನ ಮಂಚದ ಮೇಲೆ ಮಲಗಿ ಸಿಟ್ಟು ಮಾಡಿಕೊಳ್ಳುತ್ತಿದ್ದರಂತೆ.

ಕಡೆಗೆ ಆ ಆಟವನ್ನು ಕಂಡುಹಿಡಿದವಳು ಅವಳೇ. ನೋಡಲು ಏನೂ ಚಂದವಿಲ್ಲ, ಒಂದು ಸಮುದ್ರದ ನಕ್ಷೆ, ಅದರ ತುಂಬ ದ್ವೀಪಗಳು. ಆಡುವವರಿಗೆ ಒಂದೊಂದು ದ್ವೀಪ. ಮರ, ಕಲ್ಲು, ಕಾಳು ತಾನಾಗಿ ಬೆಳೆಯುತ್ತವೆ, ಅವುಗಳಿಂದ ಮನೆ, ಬಂದರು, ದೋಣಿ ಕಟ್ಟಬೇಕು. ಕಾವಲು ಇಲ್ಲದಿದ್ದರೆ ಪಕ್ಕದವರು ಬಂದು ದೋಚುತ್ತಾರೆ. ವಿಶೇಷವೆಂದರೆ ಎಲ್ಲವೂ ನಿಧಾನ. ಒಂದು ದೋಣಿ ಇಲ್ಲಿಂದ ಹೊರಟು ಪಕ್ಕದ ದ್ವೀಪ ಮುಟ್ಟಲು ನಿಜವಾದ ಗಡಿಯಾರದಲ್ಲಿ ಆರು ತಾಸು ಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮೊಬೈಲಿನಿಂದ ಕಳಿಸಿದ ದೋಣಿ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ತಲುಪುತ್ತಿತ್ತು. ನನಗೆ ಮೊದಲು ಬೇಸರ ಬಂತು. ಅವಳು ಮಾತ್ರ ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದಳಂತೆ, ಅವರು ಎರಡು ವರ್ಷದಲ್ಲಿ ಮೊದಲ ಸಲ ದಿಂಬಿಗೆ ಒರಗಿ ಕೂತರಂತೆ. ದೋಣಿ ಹೋಗಿ ಬರುವುದನ್ನು ಕಾಯುವುದು ಅವರಿಗೆ ಹೊಸದಾಗಿರಲಿಲ್ಲ.

ಆ ಮೇಲೆ ಆ ದ್ವೀಪ ಅವಳದ್ದಾಗಿ ಉಳಿಯಲಿಲ್ಲ, ಅಪ್ಪನದ್ದಾಯಿತು. ಎಡಗೈಯ ಬೆರಳಿನಿಂದ ತೋರಿಸಿ, ತೊದಲಿ, ಎಲ್ಲಿ ಯಾವ ದೋಣಿ ನಿಲ್ಲಬೇಕೆಂದು ಹೇಳುವುದು ಅವರು, ಒತ್ತುವುದು ಅವಳು. ಬಂದರಿನ ಬಾಯಿಯಲ್ಲಿ ಎಲ್ಲ ದೋಣಿ ನಿಲ್ಲಿಸಬೇಡ, ಹಿಂಬದಿಗೂ ನಾಲ್ಕು ಇರಲಿ ಎಂದು ಅವರು ಹೇಳಿದ್ದರಿಂದ ಆ ದ್ವೀಪವನ್ನು ಯಾರಿಗೂ ದೋಚಲಾಗಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಅವಳು ಹೇಳುವ ಮೊದಲ ಸುದ್ದಿ ಅದೇ ಆಗಿರುತ್ತಿತ್ತು, ಅಪ್ಪ ಇವತ್ತು ಹೀಗೆ ಹೇಳಿದರು, ಅಪ್ಪ ನಕ್ಕರು ಎಂದು.

ನಾವಿಬ್ಬರೂ, ಎಲ್ಲೆಲ್ಲಿಯದೋ ದೇಶದ ಐದು ಜನರೂ ಸೇರಿ ಒಂದು ಕೂಟ ಮಾಡಿಕೊಂಡಿದ್ದೆವು. ಬೇರೆಯವರನ್ನು ದೋಚಿ ತಂದ ಮಾಲನ್ನು ಹೇಗೆ ಹಂಚಬೇಕೆಂಬ ಪ್ರಶ್ನೆ ಬಂದಾಗ ಅಪ್ಪ ತೀರ್ಪು ಕೊಟ್ಟರು. ರಂಪಣಿಯಲ್ಲಿ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಉಂಟು, ಕಾಯಿಲೆ ಬಿದ್ದು ದಂಡೆಗೆ ಬರಲಾಗದವನ ಮನೆಗೂ ಪಾಲು ಹೋಗುತ್ತದೆ, ಇಲ್ಲಿಯೂ ಹಾಗೆಯೇ ಎಂದರು. ಒಂದೇ ದೋಣಿ ಕಳಿಸಿದ ಸೋಮಾರಿಗೂ ಹತ್ತು ಕಳಿಸಿದ ನನಗೂ ಒಂದೇ ಪಾಲು. ನನಗೆ ಮೈ ಉರಿಯಿತು. ಆದರೆ ಆ ಐದು ಜನ ಅಪರಿಚಿತರು ಇದಕ್ಕೆ ಎಷ್ಟು ಒಲಿದರೆಂದರೆ ಯಾರೂ ಕೂಟ ಬಿಟ್ಟು ಹೋಗಲಿಲ್ಲ. ಯಾರಿಗಾದರೂ ಜ್ವರ ಬಂದರೆ ಇನ್ನೊಬ್ಬರು ಅವರ ಬಂದರಿಗೆ ಕಾಳು ಕಳಿಸುತ್ತಿದ್ದರು. ನಾನು ಹುಡುಕುತ್ತಿದ್ದ ಆಟ ಇದೇ ಎಂದು ನನಗೆ ಅರಿವಾದದ್ದು ಆಗ. ನಾನು ಹೋಗದಿದ್ದರೆ ಯಾರೋ ಒಬ್ಬರು ನನ್ನ ದೋಣಿಗಾಗಿ ಕಾಯುತ್ತಾರೆ ಎನ್ನುವುದರಲ್ಲೇ ಅದರ ಸ್ವಾರಸ್ಯವಿತ್ತು.

ಆಟದ ಕೊನೆಯಲ್ಲಿ ಒಂದು ದೀಪಸ್ತಂಭ ಕಟ್ಟಬೇಕಿತ್ತು. ಇಡೀ ಸಮುದ್ರಕ್ಕೆ ಒಂದೇ. ಮೊದಲು ಕಟ್ಟಿದವರ ಹೆಸರು ಪಟ್ಟಿಯ ತುದಿಗೇರುತ್ತದೆ. ಅದನ್ನು ಅಪ್ಪನ ದ್ವೀಪದಲ್ಲಿ ಕಟ್ಟುವುದೆಂದು ಕೂಟದ ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ, ಸರಿ ಸರಿ ಎಂದು ಎಲ್ಲರಿಗಿಂತ ಮೊದಲು ಬರೆದವಳು ನಾನೇ. ಒಳಗೆ ಮಾತ್ರ ಒಪ್ಪಿರಲಿಲ್ಲ. ಆಟವೆಂದರೆ ಜೀವ ಬಿಡುವವಳು ನಾನು, ತುದಿಗೇರುವುದು ಮಂಚದ ಮೇಲಿನ ಮುದುಕರು.

ಸ್ತಂಭಕ್ಕೆ ಬೇಕಾದ ಮರ, ಕಲ್ಲು ಅಲ್ಲಿ ಮುಕ್ಕಾಲು ಪಾಲು ಕೂಡಿದ್ದಾಗ ಒಂದು ಬೆಳಿಗ್ಗೆ ಅವಳು ಬಸ್ಸಿಗೆ ಬರಲಿಲ್ಲ. ಅಪ್ಪ ತೀರಿಕೊಂಡಿದ್ದರು.

ಆ ದಿನ ಮಧ್ಯಾಹ್ನ ಕೇಣಿಗೆ ಹೋದೆ. ಮಣ್ಣು ಮಾಡಿ ಬಂದಿದ್ದರು. ಅವಳು ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ನನ್ನ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲಿಲ್ಲ. ಹೊರಡುವಾಗ ಒಂದು ಚೀಟಿಯಲ್ಲಿ ಆಟದ ಪಾಸ್‌ವರ್ಡ್ ಬರೆದುಕೊಟ್ಟಳು. ಸೂತಕದ ಮನೆಯಲ್ಲಿ ಆಟ ಆಡಬಾರದು ಎಂದು ಅವಳ ಅಬ್ಬೆ ಹೇಳಿದ್ದರಂತೆ.

"ಹನ್ನೆರಡ್ ದಿನ ನೀವ್ ನೋಡ್ಕಳಿ ಅಕ್ಕಾ," ಎಂದಳು. "ಅಪ್ಪ ಇಟ್ಟ ದೋಣಿ ಎಲ್ಲಾ ಹಂಗೇ ಇರ್ಲಿ. ಎಂತದೂ ಮಾಡೂದ್ ಬ್ಯಾಡ. ಕಾಳ್ ಮುಗೀದಂಗೆ ನೋಡ್ಕಂಡ್ರೆ ಸಾಕು."

ಆಗಲಿ ಎಂದೆ. ಆ ಕ್ಷಣದಲ್ಲಿ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಮೊದಲ ದಿನ ಕಾವಲಿನ ದೋಣಿಗಳಿಗೆ ಕಾಳು ಹಾಕಿ ಮುಚ್ಚಿಟ್ಟೆ.

ಎರಡನೆಯ ದಿನ ಊಟದ ಹೊತ್ತಿನಲ್ಲಿ ಎದುರು ಕುರ್ಚಿ ಖಾಲಿಯಿತ್ತು. ಎರಡೂ ದ್ವೀಪಗಳನ್ನು ಅಕ್ಕಪಕ್ಕ ತೆರೆದುಕೊಂಡು ಕೂತೆ. ಅಲ್ಲಿ ಅಷ್ಟು ಮರ, ಅಷ್ಟು ಕಲ್ಲು ಸುಮ್ಮನೆ ಬಿದ್ದಿದೆ, ಇಲ್ಲಿ ನನ್ನ ಬಂದರು ಬರಿದು. ಉತ್ತರದ ಕೂಟವೊಂದು ಸ್ತಂಭ ಕಟ್ಟಲು ಶುರುಮಾಡಿದೆಯೆಂದು ಸುದ್ದಿ ಬಂದಿತ್ತು. ಹನ್ನೆರಡು ದಿನ ಕಾದರೆ ಅವರೇ ಗೆಲ್ಲುತ್ತಾರೆ, ನಮ್ಮ ಕೂಟಕ್ಕಾಗಿ ಯಾರಾದರೂ ಏನಾದರೂ ಮಾಡಲೇಬೇಕಲ್ಲ ಎಂದುಕೊಂಡೆ. ಅಲ್ಲಿಯೇ ಕಟ್ಟಬಹುದಿತ್ತು, ಆ ಯೋಚನೆಯನ್ನು ಪಕ್ಕಕ್ಕೆ ಸರಿಸಿದೆ. ಒಂದು ದೋಣಿ ಮರವನ್ನು ನನ್ನ ಕಡೆಗೆ ಹೊರಡಿಸಿದೆ. ಡಬ್ಬಿ ತೆರೆದು ಅನ್ನ, ಬಂಗಡೆ ಸಾರು ಉಂಡೆ.

ಮರುದಿನ ಮೂರು ದೋಣಿ, ಅದರ ಮರುದಿನ ಐದು. ಮಾಲು ಹೊರಲು ದೋಣಿ ಸಾಲದೆ ಹೋದಾಗ ಬಂದರಿನ ಬಾಯಿಯ ಕಾವಲು ದೋಣಿಗಳನ್ನು ತೆಗೆದೆ. ಹಿಂಬದಿಯ ನಾಲ್ಕನ್ನು ಮುಟ್ಟುವುದಿಲ್ಲ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ, ಅದೇ ದೊಡ್ಡ ಧರ್ಮ ಎಂಬಂತೆ. ಕೂಟದವರು ಏನಾಗುತ್ತಿದೆ ಎಂದು ಕೇಳಿದರು. ಆಕೆಯೇ ಹೇಳಿದ್ದಾಳೆ, ಮನೆಯಲ್ಲಿ ಸಾವಾಗಿದೆ, ಆಕೆಗೆ ತೊಂದರೆ ಕೊಡಬೇಡಿ ಎಂದು ಬರೆದೆ. ಅವಳ ಅಪ್ಪನ ಸಾವನ್ನು ನಾನು ಹೀಗೆ ಬಳಸಿಕೊಂಡೆ. ಒಂಬತ್ತನೆಯ ದಿನ ಆ ನಾಲ್ಕು ದೋಣಿಗಳನ್ನೂ ತೆಗೆದೆ.

ಹನ್ನೊಂದನೆಯ ದಿನ ನನ್ನ ದ್ವೀಪದಲ್ಲಿ ದೀಪ ಹೊತ್ತಿತು. ಪಟ್ಟಿಯ ತುದಿಯಲ್ಲಿ ನನ್ನ ಹೆಸರು ಬಂತು. ಎಲ್ಲೆಲ್ಲಿಂದಲೋ ಅಭಿನಂದನೆ ಬಂತು. ಸಂಜೆ ಬಸ್ಸು ಕಾರವಾರ ಬಿಟ್ಟು ಪಕ್ಕದ ಬಿಣಗಾ ದಾಟುವವರೆಗೆ ಖುಷಿಯಾಗಿದ್ದೆ ಎಂದು ನೆನಪು. ಅದೇ ಹೊತ್ತಿನಲ್ಲಿ ಕಾವಲಿಲ್ಲದ ಅಪ್ಪನ ದ್ವೀಪಕ್ಕೆ ಉತ್ತರದವರು ನುಗ್ಗಿ ಉಳಿದದ್ದನ್ನೆಲ್ಲ ಸುಟ್ಟು ಹೋಗಿದ್ದರು. ಏನೂ ಉಳಿಯದ ದ್ವೀಪವನ್ನು ಆಟವೇ ಅಳಿಸಿಹಾಕುತ್ತದೆ, ಮಾರನೆಯ ದಿನ ನಕ್ಷೆಯಲ್ಲಿ ಆ ಜಾಗದಲ್ಲಿ ಬರೀ ನೀರಿತ್ತು.

ಸೂತಕ ಕಳೆದು ಅವಳು ಕೆಲಸಕ್ಕೆ ಬಂದಳು. ಇಳಿದುಹೋಗಿದ್ದಳು. ಊಟದ ಹೊತ್ತಿನಲ್ಲಿ ಅವಳು ಕೇಳುವ ಮೊದಲೇ ನಾನು ಶುರುಮಾಡಿದೆ. ಉತ್ತರದವರು ಬಂದುಬಿಟ್ಟರು, ಎಷ್ಟು ಕಷ್ಟಪಟ್ಟರೂ ತಡೆಯಲಾಗಲಿಲ್ಲ, ಮರ ಕಲ್ಲು ಅವರ ಪಾಲಾಗದಿರಲಿ ಎಂದು ಕಡೆಯ ಗಳಿಗೆಯಲ್ಲಿ ಅಷ್ಟಿಷ್ಟು ಈಚೆ ತಂದೆ ಎಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಹೊಲಿಯುತ್ತ ಹೋದೆ. ಅವಳು ಅನ್ನ ಕಲಸುತ್ತ ಕೇಳಿದಳು. ಹೂಂ ಎಂದಳು. ತನ್ನ ಡಬ್ಬಿಯಿಂದ ಒಂದು ತುಂಡು ಇಸವಾಣ ಮೀನು ನನ್ನ ತಟ್ಟೆಗೆ ಹಾಕಿದಳು, ಯಾವಾಗಲೂ ಹಾಕುವ ಹಾಗೆ. ಅದನ್ನು ನಾನು ತಿಂದು ಮುಗಿಸಿದೆ.

ಆ ಮೇಲೆ ಅವಳು ಆಟದ ಮಾತೆತ್ತಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬದನೆಕಾಯಿ, ಹವಾಮಾನ, ಸಾಹೇಬರ ಸಿಟ್ಟು ಎಂದು ಮಾತಾಡುತ್ತಿದ್ದೆವು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ, ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಬೆಳಿಗ್ಗೆ ಅವಳು ಬಸ್ ನಿಲ್ದಾಣದಲ್ಲಿ ನನಗಾಗಿ ಸೀಟು ಹಿಡಿದು ಕೂತಿರುವುದನ್ನು ಕಂಡಾಗ ಮಾತ್ರ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನಿಸುತ್ತಿತ್ತು.

ಮೂರು ವಾರ ಹೀಗೆ ಕಳೆಯಿತು. ಒಂದು ಸಂಜೆ ಬಸ್ಸು ಬೇಲೆಕೇರಿಯ ತಿರುವಿನ ಹತ್ತಿರ ಜನ ಇಳಿಸಲು ನಿಂತಿದ್ದಾಗ ತಡೆಯಲಾರದೆ ಹೇಳಿಬಿಟ್ಟೆ. ಯಾರೂ ಮೊದಲು ದೋಚಲಿಲ್ಲ, ನಾನೇ ತೆಗೆದೆ, ಹಿಂಬದಿಯ ದೋಣಿಗಳನ್ನೂ ನಾನೇ ತೆಗೆದೆ, ಆಮೇಲೆ ಹೇಳಿದ್ದೆಲ್ಲ ಸುಳ್ಳು ಎಂದೆ. ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಹೇಳಿದೆ, ಅವಳ ಮುಖ ನೋಡಲಿಲ್ಲ. ಅತ್ತುಬಿಡುತ್ತಾಳೆ, ಇಲ್ಲವೆ ಬೈಯುತ್ತಾಳೆ, ಎರಡಕ್ಕೂ ಸಿದ್ಧಳಾಗಿದ್ದೆ.

"ಗೊತ್ತದೆ ಅಕ್ಕಾ," ಎಂದಳು.

ನಾನು ತಿರುಗಿ ನೋಡಿದೆ. ಮೂರನೆಯ ದಿನ ಅಪ್ಪನ ನೆನಪು ತಡೆಯದೆ, ಆಡಬಾರದು ನಿಜ, ನೋಡಿದರೇನು ಎಂದು ಮೊಬೈಲು ತೆಗೆದಿದ್ದಳಂತೆ. ಮರ ತುಂಬಿದ ದೋಣಿ ನನ್ನ ಕಡೆ ಹೋಗುತ್ತಿರುವುದು ಕಂಡಿತಂತೆ. ಅಂದಿನಿಂದ ದಿನವೂ ಕೋಣೆಯ ಮೂಲೆಯಲ್ಲಿ ಕೂತು, ಯಾರೂ ಕಾಣದ ಹಾಗೆ, ಒಂದೊಂದೇ ದೋಣಿ ಹೊರಟು ಹೋಗುವುದನ್ನು ನೋಡಿದ್ದಳು.

ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತಲ್ಲ, ಯಾಕೆ ತಡೆಯಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು, ತಪ್ಪು ಅವಳದ್ದೇ ಎಂಬ ಹಾಗೆ.

ಅವಳು ಕಿಟಕಿಯ ಕಡೆ ತಿರುಗಿದಳು.

"ನೀವೇ ನಿಲ್ಲಿಸ್ತ್ರಿ ಅಂತ ಅಂದ್ಕಂಡಿದ್ದೆ," ಎಂದಳು. "ಇವತ್ ನಿಲ್ಲಿಸ್ತ್ರಿ, ನಾಳೆ ನಿಲ್ಲಿಸ್ತ್ರಿ ಅಂತ ದಿನಾ ತೆಗ್ದ್ ನೋಡ್ತಿದ್ದೆ."

ಬಸ್ಸು ಹೊರಟಿತು. ಕಂಡಕ್ಟರ್ ಅಂಕೋಲೆ ಎಂದು ಕೂಗಿದಾಗ ಇಬ್ಬರೂ ಎದ್ದು ಇಳಿದೆವು. ಕೇಣಿಯ ಟೆಂಪೋ ಕಾದು ನಿಂತಿತ್ತು, ಬರ್ತೆ ಅಕ್ಕಾ ಎಂದು ಹೇಳಿ ಅವಳು ಹತ್ತಿಕೊಂಡಳು. ಬೊಬ್ರುವಾಡದ ದಾರಿಯಲ್ಲಿ ನಡೆಯುತ್ತ ನಾನು ಒಂದೊಂದೇ ದಿನವನ್ನು ನೆನಪು ಮಾಡಿಕೊಂಡೆ, ಯಾವುದಾದರೂ ಒಂದು ದಿನವಾದರೂ ಕೈ ತಡೆದಿತ್ತೇ ಎಂದು. ಮೂರನೆಯ ದಿನದಿಂದ ಹನ್ನೊಂದನೆಯ ದಿನದವರೆಗೆ ಅವಳು ಕಾದಿದ್ದಳು, ನಾನು ಒಂದು ದಿನವೂ ನಿಲ್ಲಿಸಿರಲಿಲ್ಲ.