ಆರನೆಯ ನುಡಿ

ಡೊಳ್ಳಿನ ಪದದ ಆ ನುಡಿ ಮಾಳಪ್ಪನದಲ್ಲ. ಅದು ಹುಟ್ಟಿದ್ದು ನನ್ನ ಫೋನಿನಲ್ಲಿ. ಗೊತ್ತಿದ್ದೂ ಗೊತ್ತಿದ್ದೂ, ‘ಇದು ಹೀಗಲ್ಲ’ ಎಂದ ಮುದುಕನಿಗೆ ಮಂದಿಯ ಮುಂದೆ ‘ನಿಮಗೆ ಮರೆವು’ ಎಂದೆ. ಒಪ್ಪಿಕೊಳ್ಳಬೇಕಾದದ್ದು ಇಷ್ಟೇ. ಉಳಿದದ್ದು ಅದು ಹೇಗಾಯಿತೆಂಬ ವಿವರ — ಅದರಲ್ಲಿ ನನಗೆ ಎಷ್ಟು ಸರಿಯಾಗಿ ನೆನಪಿದೆಯೋ, ಖಾತ್ರಿ ಕೊಡಲಾರೆ.

ನಾನು ಹುನಗುಂದದಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಧಾರವಾಡದಲ್ಲಿ ಎಂ.ಎ. ಓದುವಾಗ ಯಾವುದನ್ನೂ ಸುಮ್ಮನೆ ನಂಬಬಾರದೆಂದು ಕಲಿತೆ. ವಯಸ್ಸಾದಂತೆ ಆ ಸಂಶಯ ನನ್ನ ನೆನಪಿನ ಕಡೆಗೇ ತಿರುಗಿತು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಇಳಕಲ್ಲಿಗೆ ಹೊರಟ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ವಾಪಸು ಬಂದದ್ದುಂಟು.

ಆ ಹೆದರಿಕೆಗೇ ನನಗಾಗಿ ಫೋನಿನಲ್ಲಿ ಒಂದು ಎಐ ಸಹಾಯಕವನ್ನು ಕಟ್ಟಿಕೊಂಡೆ. ಕಟ್ಟಿಕೊಂಡೆ ಎಂದರೆ ದೊಡ್ಡ ಮಾತಾಯಿತು. ಕೋಡಿಂಗಿನ ಒಂದಕ್ಷರ ನನಗೆ ಬಾರದು. ಹಳೆಯ ನೋಟುಬುಕ್ಕುಗಳ ಪುಟಗಳ ಫೋಟೊ ತೆಗೆದು ಹಾಕಿದೆ. ಅದು ಹೇಗೆ ನಡೆದುಕೊಳ್ಳಬೇಕೆಂದು ಕನ್ನಡದಲ್ಲೇ ನಾಲ್ಕು ಸಾಲು ಟೈಪು ಮಾಡಿದೆ: ನನ್ನ ಟಿಪ್ಪಣಿಗಳನ್ನು ಓದಿಕೊಂಡಿರು. ಕೇಳಿದ್ದನ್ನು ಅವುಗಳಲ್ಲೇ ಹುಡುಕಿ ಹೇಳು. ಯಾವ ಪುಟವೆಂದು ತಿಳಿಸು. ಅಲ್ಲಿ ಇಲ್ಲದಿದ್ದರೆ ಇಲ್ಲ ಎನ್ನು. ಒಂದು ಮಧ್ಯಾಹ್ನದ ಕೆಲಸ. ಚೆನ್ನಾಗಿಯೇ ನಡೆಯುತ್ತಿತ್ತು.

ಆ ಪುಟಗಳಲ್ಲಿ ಮಾಳಪ್ಪನ ಡೊಳ್ಳಿನ ಪದಗಳಿದ್ದವು. ಐಹೊಳೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ಬೀರಪ್ಪನ ಗುಡಿಯ ಮೇಳಕ್ಕೆ ಅವನೇ ಮುಂದಾಳು. ಅವನು ಹಾಡುವಾಗ ನಾನು ಬರೆದುಕೊಂಡಿದ್ದೆ. ಅವನು ತೀರಿಹೋಗಿ ಬಹಳ ವರ್ಷವಾಯಿತು. ಆ ಮೇಳದಲ್ಲಿ ಒಂದು ಪದ್ಧತಿಯಿದೆ — ಪದ ಕಲಿಸಿದವರ ಹೆಸರನ್ನು ಕೊನೆಯ ನುಡಿಯಲ್ಲಿ ಹೇಳದೆ ಡೊಳ್ಳು ಕೆಳಗಿಡುವಂತಿಲ್ಲ.

ಕಳೆದ ವರ್ಷ ಮಾಳಪ್ಪನ ಮಗಳು ರೇಣವ್ವ ಮನೆಗೆ ಬಂದಳು. ಈಗ ಮುಂದೆ ನಿಂತು ಹಾಡುವವಳು ಅವಳೇ.

“ಅಪ್ಪನ ಪದದಾಗ ಐದು ನುಡಿ ಬರ್ತಾವ್ರಿ ಸರ, ಆರನೇದು, ಹೆಸರಿನ ನುಡಿ, ಬರೂದಿಲ್ಲ. ಅದಕ್ಕ ಆ ಪದ ಗುಡಿಯಾಗ ಹಾಡೇ ಇಲ್ಲ. ನೀವು ಬರಕೊಂಡಿರಬೇಕಲ್ರಿ?”

“ನೋಡಬೇಕವಾ. ನೆನಪಿಲ್ಲ.”

“ನಿಮ್ಮನ್ಯಾರು ಕೇಳ್ಯಾರ? ನಿಮ್ಮ ಫೋನ್ ಕೇಳ್ರಿ. ಅದು ನಿಮಗಿಂತ ಶಾಣ್ಯಾ ಐತಂತ.”

ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಫೋನನ್ನು ಕೇಳಿದೆ. ಆರನೆಯ ನುಡಿ ಟಿಪ್ಪಣಿಗಳಲ್ಲಿ ಇಲ್ಲ ಎಂದಿತು. ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಇಲ್ಲ ಎಂದೇ ಹೇಳಿತು. ನೋಟುಬುಕ್ಕು ತೆರೆದು ನೋಡಿದರೆ ಐದು ನುಡಿಗಳ ಕೆಳಗೆ ‘ಮುಕ್ತಾಯ’ ಎಂದು ಬರೆದು ಜಾಗ ಬಿಟ್ಟಿದ್ದೆ. ಅಂದು ಬಸ್ಸಿನ ಹೊತ್ತಾಯಿತೆಂದು ಎದ್ದಿರಬೇಕು — ಅಥವಾ ಬೇಸರ ಬಂದು ಎದ್ದೆನೋ. ಹೆಸರಲ್ಲವೇ, ಆಮೇಲೆ ಕೇಳಿಕೊಂಡರಾಯಿತು ಎಂದುಕೊಂಡಿರಬೇಕು.

ಆಗ ‘ಇಲ್ಲ ಎನ್ನು’ ಎಂಬ ಆ ನಾಲ್ಕನೆಯ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ‘ಉಳಿದ ಐದರ ಧಾಟಿಯಲ್ಲಿ ಆರನೆಯದನ್ನು ಪೂರ್ತಿ ಮಾಡು’ ಎಂದು ಬರೆದೆ. ಯಂತ್ರ ಪ್ರಾಮಾಣಿಕವಾಗಿತ್ತು. ಅದು ಬೇಡವೆಂದವನು ನಾನು. ಕಣ್ಣು ಮಿಟುಕಿಸುವುದರೊಳಗೆ ನುಡಿ ಬಂತು —

ಬಾದಾಮಿ ಸೀಮಿಯ ಸಂಗಣ್ಣ ಗುರುವಿನ
ಪಾದವ ನೆನೆದೇವ ಕೈಮುಗಿದು

ವಿಚಿತ್ರವೆಂದರೆ, ಎರಡು ಸಲ ಓದುವಷ್ಟರಲ್ಲಿ ಅದು ಮಾಳಪ್ಪನ ದನಿಯಲ್ಲೇ ಕೇಳಿಸತೊಡಗಿತು. ಹೌದು, ಹೀಗೇ ಹಾಡಿದ್ದ ಅನ್ನಿಸಿತು. ನಂಬಿದೆನೇ? ಪೂರ್ತಿ ನಂಬಲಿಲ್ಲ. ನಂಬಲು ಅನುಕೂಲವಾಗಿತ್ತು. ನನ್ನ ಕೈಯಲ್ಲೇ ಹಾಳೆಗೆ ಇಳಿಸಿ, “ಸಿಕ್ಕಿತವಾ” ಎಂದು ರೇಣವ್ವನಿಗೆ ಕೊಟ್ಟೆ.

ಮುಂದಿನ ಅಮಾವಾಸ್ಯೆಗೆ ಗುಡಿಯ ಕಟ್ಟೆಯ ಮೇಲೆ ಹಾಡಿದಳು. ನನ್ನನ್ನೂ ಕರೆದಿದ್ದರು. ಮಾಳಪ್ಪನ ಸರೀಕ, ಅವನ ಬೆನ್ನಿಗೆ ನಿಂತು ಹಾಡುತ್ತಿದ್ದ ಸಿದ್ದಪ್ಪಜ್ಜ, ಕುಳಗೇರಿ ಕ್ರಾಸಿನಲ್ಲಿರುವ ಮಗಳ ಮನೆಯಿಂದ ಬಂದಿದ್ದ. ಆರನೆಯ ನುಡಿಗೆ ಬರುತ್ತಲೇ ಡೊಳ್ಳಿನ ಮೇಲೆ ಕೈಯಿಟ್ಟು ನಿಲ್ಲಿಸಿದ.

“ಯಾರಬೇ ಆ ಸಂಗಣ್ಣ? ನಿಮ್ಮಪ್ಪಗ ಈ ಪದ ಕಲಿಸಿದಾಕಿ ಒಬ್ಬಾಕಿ ಹೆಣಮಗಳು. ಆಕಿ ಹೆಸರು... ತಡಿ, ನಾಲಿಗಿ ತುದಿಗೈತಿ.”

“ಅಜ್ಜಗ ಹಾಡಿಗಿಂತ ಹೆಣಮಕ್ಕಳು ಲಗೂನ ನೆನಪಾಗ್ತಾರ ನೋಡ್ರಿ” ಎಂದರು ಯಾರೋ. ಮಂದಿ ನಕ್ಕಿತು.

“ಸುಮ್ಕಿರ್ರಲೇ, ಬರ್ತೈತಿ ತಡೀರಿ” ಎಂದು ಅಜ್ಜ ಕಣ್ಣು ಮುಚ್ಚಿದ.

ರೇಣವ್ವ ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ಇನ್ನೊಂದು ನಿಮಿಷ ಕಾದಿದ್ದರೆ ಆ ಹೆಸರು ಬರುತ್ತಿತ್ತೇನೋ. ನಾನು ಕಾಯಲಿಲ್ಲ.

“ಅಜ್ಜಾರ, ನಿಮಗ ಮರವು ಆಗೈತಿ. ಮಾಳಪ್ಪ ಹಾಡಿದ್ದನ್ನ ಕೂತು ಬರಕೊಂಡೀನಿ, ನನ್ನ ಹತ್ರ ಐತಿ.”

ಅಜ್ಜ ಕಣ್ಣು ತೆರೆದ. “ಬರದದ್ದು ಐತಂದ್ರ ಐತ್ ಬಿಡ್ರಿ” ಎಂದು ಡೊಳ್ಳಿನ ಮೇಲಿನ ಕೈ ತೆಗೆದ. ಮತ್ತೆ ಆ ಮೇಳಕ್ಕೆ ಬರಲಿಲ್ಲ. ನನ್ನ ನೆನಪನ್ನು ನಾನು ನಂಬದವನು. ಅವನ ನೆನಪನ್ನೂ ಅವನು ನಂಬದ ಹಾಗೆ ಮಾಡಿದೆ.

ಈ ತಿಂಗಳು ಕುಳಗೇರಿ ಕ್ರಾಸಿಗೆ ಹೋಗಿ ಅವನೆದುರು ಕೂತು ಎಲ್ಲ ಹೇಳಿದೆ. ಅಜ್ಜ ಸಿಟ್ಟಾಗಲಿಲ್ಲ.

“ಆಕಿ ಹೆಸರು?” ಎಂದು ನಾನೇ ಕೇಳಿದೆ.

“ಬರವಲ್ದರಿ. ಹೆಣಮಗಳು ಖರೆ ಇದ್ದಳೋ ಇಲ್ಲೋ ಅನ್ನೂದೂ ಈಗ ಗೊತ್ತಾಗವಲ್ದು. ನೀವು ಅಂದಾಗಿಂದ ನನ್ನ ಬಾಯಿಗೂ ಆ ಸಂಗಣ್ಣನೇ ಬರ್ತಾನ.” ನಾನು ಎದ್ದು ಹೊರಟಾಗ ತಡೆದು, “ನನಗೊಬ್ಬಗ ಹೇಳಿ ಹೋದ್ರ ಹೆಂಗ್ರಿ? ಅವತ್ತ ಮಂದಿ ಮುಂದ ಅಂದಿದ್ರಿ” ಎಂದ.

ರೇಣವ್ವನಿಗೂ ಫೋನು ಮಾಡಿ ಹೇಳಿದೆ. “ಅಪ್ಪನ ಬಾಯಾಗಿಂದು ಅಂತ ಹಾಡಿದೆಲ್ರಿ ನಾ, ಒಂದ್ ವರ್ಷ” ಎಂದಳು. ಮರುದಿನ ಅವಳೇ ಫೋನು ಮಾಡಿ, ಅಮಾವಾಸ್ಯೆಗೆ ಬನ್ನಿ, ಪದಕ್ಕೆ ಮೊದಲು ನೀವು ಮಾತಾಡಿ ಎಂದಳು.

ಅಮಾವಾಸ್ಯೆಗೆ ಇನ್ನು ಆರು ದಿನ. ಅಷ್ಟರೊಳಗೆ ನನ್ನ ನೆನಪು ಇದನ್ನೆಲ್ಲ ನನಗೆ ಒಪ್ಪುವಂತೆ ತಿದ್ದೀತೆಂದು ಇಲ್ಲಿ ಬರೆದಿಟ್ಟಿದ್ದೇನೆ. ಕಟ್ಟೆಯ ಮೇಲೆ ನಿಂತು ಇದನ್ನೇ ಓದುತ್ತೇನೆ. ಆಮೇಲೆ ರೇಣವ್ವ ಐದು ನುಡಿ ಹಾಡುತ್ತಾಳಂತೆ. ಕಲಿಸಿದವರ ಹೆಸರು ಹೇಳದೆ ಡೊಳ್ಳು ಕೆಳಗಿಡುವುದು ಆ ಗುಡಿಯಲ್ಲಿ ಅದೇ ಮೊದಲು.