ಕಂಬಳಿ ಮಾವ

ಕಂಬಳಿ ಮಾವ ಮುಟ್ಟಿದರೆ ಸೇವ್ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ಮತ್ತಿಕೆರೆಯಲ್ಲಿ ಅವನಿರುವ ವಿಡಿಯೋ ಗೇಮ್ ಆಡುವವರೆಲ್ಲ ನಂಬಿದ್ದರು. ಆ ಗೇಮ್ ಸರಣಿಯ ಪ್ರತಿ ಭಾಗದಲ್ಲೂ ಅವನೇ ವೈರಿ. ಕಂಬಳಿ ಹೊದ್ದು ಮಂಜಿನೊಳಗಿಂದ ನಿಧಾನವಾಗಿ ಬರುತ್ತಾನೆ. ಕಂಡ ಕೂಡಲೇ ಆಡುವವರು ತಾವೇ ಆಟದೊಳಗಿನ ಕೆರೆಗೆ ಹಾರಿ ಸತ್ತು, ಹಿಂದೆ ಸೇವ್ ಮಾಡಿದಲ್ಲಿಂದ ಮತ್ತೆ ಶುರುಮಾಡುತ್ತಾರೆ. ಆನ್‌ಲೈನ್‌ನಲ್ಲೂ ಹಾಗೇ ಮಾಡಿ ಎಂದು ಬರೆದಿದ್ದರು. ಬರೆದವರೂ ಕೆರೆಗೆ ಹಾರಿದವರೇ.

ಅಲ್ಲಿನ ಗೇಮಿಂಗ್ ಸೆಂಟರೊಂದಕ್ಕೆ ಯುಪಿಎಸ್ ರಿಪೇರಿಗೆ ಹೋಗಿದ್ದೆ. ಕರೆಂಟ್ ಹೋಗಿತ್ತು. ಕತ್ತಲ ಕೋಣೆಯಲ್ಲಿ ಯುಪಿಎಸ್ ಬ್ಯಾಟರಿಯ ಮೇಲೆ ಒಂದೇ ಪರದೆ ಉರಿಯುತ್ತಿತ್ತು. ಅದರ ಮಂಜು ಗೋಡೆಗಳ ಮೇಲೂ ತೇಲುತ್ತಿರುವಂತಿತ್ತು. ಆಡುತ್ತಿದ್ದ ನಾಜಿಯಾ ಕಾಲೇಜು ಮುಗಿಸಿ ಮರುದಿನ ಊರಿಗೆ ಹೊರಟವಳು. ಬೆಳಗಿನಿಂದ ಆಡಿ ಕೊನೆಯ ಸೇತುವೆ ತಲುಪಿದ್ದಳು. ಸೇವ್ ಮಾಡುವ ಜಾಗ ಸೇತುವೆಯಾಚೆ.

"ಸರ್, ಬ್ಯಾಟರಿ ಎಷ್ಟೊತ್ತು ಬರುತ್ತೆ?" ಎಂದು ನನ್ನನ್ನು ಕೇಳಿದಳು.

"ಎರಡು ನಿಮಿಷ ಬಂದ್ರೆ ಹೆಚ್ಚು."

ಸೇತುವೆಯ ಮೇಲೆ ಕಂಬಳಿ ಮಾವ ಕಾಣಿಸಿಕೊಂಡ.

"ಹಾರು ಮಗಾ," ಎಂದ ಪಕ್ಕದಲ್ಲಿದ್ದ ಗೆಳೆಯ ಕಿರಣ.

"ಹಾರಿದ್ರೆ ಬೆಳಗಿಂದ ಆಡಿದ್ದೆಲ್ಲ ಹೋಗುತ್ತೆ ಕಣೋ."

"ಅವ್ನು ಮುಟ್ಟಿದ್ರೆ ಇಷ್ಟು ವರ್ಷದ್ದೂ ಹೋಗುತ್ತೆ."

"ಯಾರದ್ದಾದ್ರೂ ಹೋಗಿದ್ದು ನೋಡಿದ್ದೀರಾ?" ಎಂದೆ.

"ಯಾರೂ ಮುಟ್ಟಿಸ್ಕೊಂಡೇ ಇಲ್ವಲ್ಲ ಸರ್," ಎಂದ ಕಿರಣ, ಅದೇ ಸಾಕ್ಷಿ ಎಂಬಂತೆ.

ನಾಜಿಯಾ ಕಂಟ್ರೋಲರನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ಕಂಬಳಿ ಮಾವ ಅವಸರವಿಲ್ಲದೆ ನಡೆದು ಬಂದ, ಪರದೆಯೊಳಗಿನ ಅವಳ ಹೆಗಲು ಮುಟ್ಟಿ ಮತ್ತೆ ಮಂಜಿನೊಳಗೆ ಹೋದ.

ಪರದೆಯ ಮೂಲೆಯಲ್ಲಿ ಆಟ ಸೇವ್ ಆಯಿತು ಎಂದು ಬಂತು.